ತಂಗಿಗೆ ಬಯ್ದ ಭಾನುವಾರಗಳು

ನಮ್ಮವ್ವ ಒಲೆಗೂ ಬಯ್ಯುತ್ತಿದ್ದಳು. ಬೆಳಿಗ್ಗೆ ಎದ್ದು ಮೊದಲು ಒಲೆಗೆ, ಆಮೇಲೆ ಹಸುವಿಗೆ, ಆಮೇಲೆ ಗೋಡೆ ಮೇಲಿನ ಕಾಗೆಗೆ, ಕಡೆಗೆ ನಮಗೆ. ದೇವರನ್ನೂ ಬಿಟ್ಟವಳಲ್ಲ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡುತ್ತಲೇ, "ಸುಮ್ನೆ ನೋಡ್ತಾ ಕೂತಿದ್ದೀಯಲ್ಲ, ಮಳೆ ಎಲ್ಲಪ್ಪಾ? ವಿಭೂತಿ ಬಳಿಸ್ಕೊಳಾಕೆ ಮಾತ್ರ ಬತ್ತೀಯಾ?" ಎಂದು ಕೇಳುತ್ತಿದ್ದಳು. ಮಠದ ಅಯ್ಯನವರು ಒಮ್ಮೆ ಇದನ್ನು ಕೇಳಿಸಿಕೊಂಡು, "ತಾಯೀ, ದೇವ್ರಿಗಾ?" ಅಂದರು. "ಮತ್ತೆ ಯಾರ್ಗೆ ಬಯ್ಲಿ ಸ್ವಾಮೀ, ನಿಮ್ಗಾ?" ಅಂದಳು. ಅಯ್ಯನವರು ಮಜ್ಜಿಗೆ ಕುಡಿದು ಎದ್ದರು.

ಜಾವಗಲ್ಲಿನಿಂದ ಹಳೇಬೀಡಿನ ಕಡೆಗೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಗೆ ನಮ್ಮೂರು. ತೆಂಗು, ರಾಗಿ, ಒಂದಿಷ್ಟು ಹುರುಳಿ. ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಮುಟ್ಟದೆ ಬಿಡುವುದು ನಮ್ಮ ಕಡೆಯ ಪದ್ಧತಿ. ಒಳಗಿನ ನೀರು ತಾನಾಗಿ ಬತ್ತಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿ ಆಗುತ್ತದೆ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗಡಗಡ ಅಂದರೆ ಕೆಳಗಿಳಿಸಬಹುದು. ಕುಳುಕುಳು ಅಂದರೆ ಇನ್ನೂ ನೀರುಗಾಯಿ, ಮತ್ತೆ ಮೇಲಕ್ಕೆ. ಅವ್ವನ ಬೈಗುಳ ಎಲ್ಲಾ ಹೀಗೆ ಮನೆಯೊಳಗಿನ ಸಾಮಾನಿನಿಂದಲೇ ಹುಟ್ಟಿದ್ದು. ನನ್ನ ತಂಗಿ ಏನಾದರೂ ಮರೆತರೆ ಅವಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸುವಳು. "ನೀರಿನ್ ಸದ್ದು ಬತ್ತೈತೆ ಕಣೇ ನಿನ್ ತಲೇಲಿ! ನೀರುಗಾಯಿ! ಅಟ್ಟದ ಮೇಲೆ ವರ್ಷ ಕೂರಿಸಿದ್ರೂ ನೀನು ಕೊಬ್ಬರಿ ಆಗಲ್ಲ ಕಣೇ!"

ನನಗೆ ಸಿಕ್ಕ ಬೈಗುಳ ಬೇರೆ. ನಾನು ಸಿಟ್ಟಿನವಳು, ಮಾತು ಕಡಿಮೆ. ಅದಕ್ಕೆ ಅವ್ವ, "ಹಸಿ ಸೌದೆ. ಹೊಗೆ ಮಾತ್ರ, ಉರಿಯಲ್ಲ" ಅನ್ನುವಳು. ತಂಗಿ ಬಯ್ಯಿಸಿಕೊಂಡು ನಗುತ್ತಿದ್ದಳು. ನಾನು ಬಯ್ಯಿಸಿಕೊಂಡು ಕಲಿತೆ. ಶಾಲೆಯಲ್ಲಿ ಎರಡನೇ ಕ್ಲಾಸಿಗೆ ಬಿಡಿಸಿದರು. ಈ ವಿದ್ಯೆಯಲ್ಲಿ ಮಾತ್ರ ಪೂರ್ತಿ ಓದಿದವಳು ನಾನು.

ತಂಗಿಯನ್ನು ನಮ್ಮ ಜನದವನಿಗೇ ಕೊಟ್ಟರು. ಆದರೆ ಅವನು ನಾಗಪುರದಿಂದಲೂ ಆಚೆ ಎಲ್ಲೋ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲು ಹತ್ತಿಸುವಾಗ ಎಲ್ಲರೂ ಅತ್ತರು. ಅವ್ವ ಅಳಲಿಲ್ಲ. ಕಿಟಕಿಯೊಳಗೆ ಕೈ ಹಾಕಿ ಬುತ್ತಿಗಂಟು ಕೊಟ್ಟು, "ಹೋಗು, ಹೋಗಿ ಅವ್ರ ಮನೆ ತುಂಬಾ ಹೊಗೆ ಎಬ್ಬಿಸು. ಅನ್ನ ಸೀದೋದ್ರೆ ನಮ್ಮವ್ವ ಕಲ್ಸಿಲ್ಲ ಅನ್ಬೇಡ, ನಾನೇ ನೀರುಗಾಯಿ ಅನ್ನು" ಅಂದಳು. ರೈಲು ಹೊರಟಿತು. ತಂಗಿ ಕಿಟಕಿಯಲ್ಲಿ ನಗುತ್ತಾ ಹೋದಳು. ಅಳುತ್ತಾ ಹೋದ ಹುಡುಗಿಯರನ್ನು ಬೇಕಾದಷ್ಟು ನೋಡಿದ್ದೇನೆ. ನಗುತ್ತಾ ಹೋದವಳು ಇವಳೊಬ್ಬಳೇ.

ಅಲ್ಲಿ ಎಲ್ಲಾ ಹಿಂದಿ. ಗಂಡ ಹಗಲು ರಾತ್ರಿ ಪಾಳಿಯಲ್ಲಿ ಇರುತ್ತಿದ್ದ. ಹುಟ್ಟಿದ ಒಬ್ಬ ಮಗನಿಗೂ ಕನ್ನಡ ಕಲಿಸಲಿಲ್ಲ, "ಇಲ್ಲಿ ಅದು ಯಾತಕ್ಕೆ" ಅಂದನಂತೆ ಅವನಪ್ಪ. ಮಗ ಕಲಿತದ್ದು ಊಟ, ನೀರು, ಬಾ, ಹೋಗು, ಇನ್ನೊಂದಿಷ್ಟು. ತಂಗಿ ಹಿಂದಿ ಕಲಿತಳು. ಆದರೆ ಹಿಂದಿಯಲ್ಲಿ ಅವಳು ಮೆತ್ತಗಿನ ಹೆಂಗಸಂತೆ. ಅಲ್ಲಿಯ ನೆರೆಹೊರೆಯವರು, ಬಾಯಿಲ್ಲದ ಸಾಧು ಹೆಂಗಸು ಎಂದು ಹೊಗಳುತ್ತಿದ್ದರಂತೆ. ಊರಿಗೆ ಬಂದಾಗ ಇದನ್ನು ಹೇಳಿ ಅವಳೇ ಬಿದ್ದು ಬಿದ್ದು ನಕ್ಕಳು. "ಅಕ್ಕಾ, ಅಲ್ಲಿ ಬಯ್ಯಾಕೆ ನಂಗೆ ಪದವೇ ಬರಲ್ಲ ಕಣೇ. ಬಯ್ಯಿಸ್ಕೊಂಡ್ರೂ ಮೈಗೆ ತಾಗಲ್ಲ. ಯಾರ್ಗೋ ಅಂದಂಗೆ ಇರ್ತದೆ."

ಕೆಲವು ವರ್ಷಕ್ಕೊಮ್ಮೆ ಬರುತ್ತಿದ್ದಳು. ನಾನು ಅವಳಿಗಿಂತ ಮುಂಚೆಯೇ ಮದುವೆಯಾಗಿ ಅರಸೀಕೆರೆಗೆ ಬಂದು, ಕೊಬ್ಬರಿ ಮಂಡಿಯ ಹಿಂದಿನ ಬೀದಿಯಲ್ಲಿದ್ದೆ. ಬೆಳಗಿನ ರೈಲಿಗೆ ಕಾಯುತ್ತಿದ್ದೆ. ಅವಳು ಇಳಿದವಳು ನನ್ನ ಹತ್ತಿರ ಬರುತ್ತಿರಲಿಲ್ಲ. ಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡು ಪ್ಲಾಟ್‌ಫಾರ್ಮಿನಲ್ಲೇ ನಿಂತು ಕೇಳುತ್ತಿದ್ದಳು. ನಲ್ಲಿಯ ಹತ್ತಿರ ಹೆಂಗಸರು ಕೊಡಕ್ಕಾಗಿ ಕಿತ್ತಾಡುವುದು, ಕೂಲಿಯವನು ಇನ್ನೊಬ್ಬನಿಗೆ "ಏನ್ಲಾ, ನಿಮ್ಮಪ್ಪನ್ ರೈಲಾ?" ಅನ್ನುವುದು. ಕಣ್ಣು ಮುಚ್ಚಿ ನಿಲ್ಲುವಳು. ಜನ ಗುಡಿಯಲ್ಲಿ ಹಾಗೆ ನಿಲ್ಲುತ್ತಾರೆ.

ನಾನು ಹೋಗಿ, "ಇಲ್ಲೇ ನೆಟ್ಕೊಂಡ್ ನಿಂತ್ಕೋತೀಯಾ, ಇಲ್ಲಾ ಮನೆಗೆ ಬತ್ತೀಯಾ ದರಿದ್ರದೋಳೆ" ಅಂದರೆ ಕಣ್ಣು ಬಿಡುವಳು. "ಈಗ ಬಂದೆ ಕಣೇ ಊರಿಗೆ" ಅನ್ನುವಳು.

ಜನ ತಮ್ಮ ದೇಶದಲ್ಲಿ ಏನು ಇಷ್ಟ ಅಂದರೆ ಮಣ್ಣು ಅನ್ನುತ್ತಾರೆ, ನೀರು ಅನ್ನುತ್ತಾರೆ. ಮಣ್ಣು ಎಲ್ಲಾ ಕಡೆಯೂ ಇದೆ. ನೀರಂತೂ ನಮ್ಮ ಕಡೆ ಇರುವುದಕ್ಕಿಂತ ಅವಳಿದ್ದ ಕಡೆಯೇ ಹೆಚ್ಚು. ಊಟವೂ ಅಷ್ಟೇ, ರಾಗಿ ಹಿಟ್ಟು ಕಟ್ಟಿಕೊಂಡು ಹೋಗುತ್ತಿದ್ದಳು, ಖಾಲಿಯಾದ ಮೇಲೆ ಚಪಾತಿ ತಿನ್ನುತ್ತಿದ್ದಳು, ಸಾಯಲಿಲ್ಲ. ಕಟ್ಟಿಕೊಂಡು ಹೋಗಲಾಗದ್ದು ಈ ಬೈಗುಳವೊಂದೇ.

ಅವ್ವ ಹಾಸಿಗೆ ಹಿಡಿದಾಗಲೂ ಬಂದಳು. ನಂಟರೆಲ್ಲಾ ಸುತ್ತ ಕೂತು, "ಏನವ್ವಾ, ಏನಾದ್ರೂ ಬೇಕಾ ನನ್ ತಾಯೀ, ಹಾಲ್ ಕುಡಿತೀಯಾ ಬಂಗಾರಾ" ಎಂದು ಕೇಳುತ್ತಿದ್ದರು. ಅವ್ವ ಒಂದು ಕಣ್ಣು ತೆರೆದಳು. "ಯಾಕ್ರೇ ಎಲ್ರೂ ಬೆಲ್ಲದಂಗೆ ಮಾತಾಡ್ತಿದ್ದೀರಾ? ನಾನೇನ್ ಸಾಯ್ತೀನಾ?" ಯಾರೂ ಉಸಿರೆತ್ತಲಿಲ್ಲ. ಆಗಲೇ ಅವಳಿಗೆ ಗೊತ್ತಾಯಿತು. ಆಮೇಲೆ ಅವಳು ಯಾರಿಗೂ ಬಯ್ಯಲಿಲ್ಲ. ಒಲೆಗೂ ಬಯ್ಯಲಿಲ್ಲ. ಅದನ್ನು ನೋಡುವುದು ಸಾವು ನೋಡುವುದಕ್ಕಿಂತ ಕಷ್ಟವಾಗಿತ್ತು.

ಅವ್ವನ ಮಣ್ಣು ಮುಗಿಸಿ ಬಂದು ಜಗಲಿಯ ಮೇಲೆ ಕೂತಿದ್ದಾಗ ತಂಗಿ ನನ್ನ ಕೈ ಹಿಡಿದುಕೊಂಡಳು. "ಅಕ್ಕಾ, ನಂಗೆ ಏನೇ ಆಗ್ಲಿ, ನೀನು ಮಾತ್ರ ನಂಗೆ ನೈಸಾಗಿ ಮಾತಾಡ್ಬೇಡ. ಆಣೆ ಮಾಡು."

"ಆಣೆ ಯಾಕೆ? ನೈಸಾಗಿ ಮಾತಾಡೋ ಮುಖನಾ ನಿಂದು?" ಅಂದೆ. ಅದೇ ಆಣೆ.

ಅವಳ ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ಕನ್ನಡ ಆಡುವವರು ಯಾರೂ ಉಳಿಯಲಿಲ್ಲ. ಅಷ್ಟು ಹೊತ್ತಿಗೆ ಕೈಗೊಂದು ಫೋನು ಬಂದಿತ್ತು. ಭಾನುವಾರ ಮಧ್ಯಾಹ್ನ ಮಾಡುತ್ತಿದ್ದಳು. ಹೇಗಿದ್ದೀಯ, ಮಳೆ ಆಯಿತಾ, ಏನೂ ಕೇಳುತ್ತಿರಲಿಲ್ಲ. "ಅಕ್ಕಾ, ಬಯ್ಯಿ" ಅನ್ನುತ್ತಿದ್ದಳು, ಅಷ್ಟೇ. ನಾನು ಶುರು ಮಾಡುತ್ತಿದ್ದೆ. ಜಾವಗಲ್ ಸಂತೆಯಲ್ಲಿ ಬಿಟ್ಟರೂ ಮಾರಾಟವಾಗದೆ ಮನೆಗೆ ವಾಪಸ್ ಬರುವ ಎತ್ತು ನೀನು. ತಳ ಸೀದ ಪಾತ್ರೆ ನೀನು, ತಿಕ್ಕಿದಷ್ಟೂ ಕಪ್ಪು. ಅವ್ವನದು ಮುಗಿದರೆ ನನ್ನದು ಸೇರಿಸುತ್ತಿದ್ದೆ. ಅವಳು ಅಲ್ಲಿ ನಕ್ಕೂ ನಕ್ಕೂ ಕೊನೆಗೆ ಮೂಗು ಸೀನುವುದು ಕೇಳುತ್ತಿತ್ತು. ನಗುತ್ತಿದ್ದಳೋ ಅಳುತ್ತಿದ್ದಳೋ ನಾನು ಕೇಳಲಿಲ್ಲ. ಎರಡೂ ಇತ್ತು ಅಂತ ಕಾಣುತ್ತದೆ.

ಮಗನಿಗೆ ಮದುವೆ ಮಾಡಿದಳು. ಸೊಸೆ ಅಲ್ಲಿಯವಳೇ, ಹಿಂದಿಯವಳು. ಒಮ್ಮೆ ಎಲ್ಲರೂ ಸೇರಿ ಬಂದರು, ಬೇಲೂರು ಹಳೇಬೀಡು ನೋಡಬೇಕು ಅಂತ. ನಾನೂ ಜೊತೆಗೆ ಹೋದೆ. ಆ ಹುಡುಗಿ ಒಳ್ಳೆಯವಳು, ದೊಡ್ಡವರ ಕಾಲಿಗೆ ಬೀಳುತ್ತಾಳೆ, ಎಲ್ಲದಕ್ಕೂ ಫೋನು ಹಿಡಿಯುತ್ತಾಳೆ. ಬೇಲೂರಿನ ಗುಡಿಯ ಅಂಗಳದಲ್ಲಿ ಅತ್ತೆಯ ಮುಂದೆ ಫೋನು ಹಿಡಿದು ಏನೋ ಕೇಳಿದಳು. ಮಗ ತನಗೆ ಬಂದ ಕನ್ನಡದಲ್ಲಿ ನನಗೆ ಹೇಳಿದ, "ಊರು, ಅಮ್ಮಂಗೆ, ಜಾಸ್ತಿ ಇಷ್ಟ ಏನು. ಅದು ಕೇಳ್ತಾಳೆ."

ತಂಗಿ ಕನ್ನಡದಲ್ಲೇ ಹೇಳಿದಳು, ನನ್ನ ಕಡೆ ಕೈ ತೋರಿಸಿ. "ಇವ್ಳು ಬಯ್ಯೋದು."

"ಥೂ, ನಿನ್ ಬಾಯಿಗೆ ಬೂದಿ ಬೀಳ! ಅಷ್ಟು ದೂರದಿಂದ ಬಂದವ್ಳೆ ಮಗು, ಗುಡಿ ಅಂತ ಹೇಳೇ!"

"ಗುಡಿ ಕಲ್ಲು ಕಣೇ, ಅದೇನ್ ಬಯ್ತದಾ?" ಅಂದಳು.

ಮಗನಿಗೆ ನಾಚಿಕೆಯಾಯಿತೋ, ಅರ್ಥವಾಗಲಿಲ್ಲವೋ, ಗುಡಿ ಎಂದೇ ಹೆಂಡತಿಗೆ ಹೇಳಿದ. ಅವಳಿಗೆ ಖುಷಿ. ಅತ್ತೆಯನ್ನು ಒಂದೊಂದು ಕಂಬದ ಪಕ್ಕದಲ್ಲೂ ನಿಲ್ಲಿಸಿ ಫೋಟೋ ತೆಗೆದಳು. ನಾವು ಅಕ್ಕತಂಗಿ ನಕ್ಕು ಸುಮ್ಮನಾದೆವು. ಅಷ್ಟು ಸಣ್ಣ ಮಾತು. ಅವತ್ತೇ ಸರಿಯಾಗಿ ಹೇಳಿಸಿದ್ದರೆ ಆಗುತ್ತಿತ್ತು. ಯಾರಿಗೆ ಗೊತ್ತಿತ್ತು?

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ತಂಗಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಅರ್ಧ ಬಾಯಿ. ಇನ್ನೂ ಒಂದು ಹೋಯಿತು, ಅದು ನನಗೆ ಆಮೇಲೆ ತಿಳಿದದ್ದು. ಅವಳ ಹಿಂದಿ ಹೋಯಿತು. ಅಷ್ಟು ವರ್ಷ ಆಡಿದ ಭಾಷೆ ಒರೆಸಿದಂತೆ ಹೋಗಿ, ಒಂದಿಷ್ಟು ಕನ್ನಡ ಮಾತ್ರ ಉಳಿಯಿತು. ಆ ಮನೆಯಲ್ಲಿ ಅದು ಯಾರಿಗೂ ಬೇಕಿಲ್ಲದ ಭಾಷೆ. ಅವಳು ನೀರು ಕೇಳಿದರೆ ಕೊಡುತ್ತಿದ್ದರು. ಬೆನ್ನು ತಿರುಗಿಸು ಅಂದರೆ ಸುಮ್ಮನೆ ನೋಡುತ್ತಿದ್ದರು.

ನಾನು ಹೋಗಬೇಕಿತ್ತು. ಮೊಣಕಾಲು ಊದಿ ಗೋಡೆ ಹಿಡಿದು ಬಚ್ಚಲಿಗೆ ಹೋಗುವವಳು ನಾನು, ಆ ರೈಲಿನಲ್ಲಿ ಎಲ್ಲಿಗೆ ಹೋಗಲಿ. ಫೋನು ಮಾಡಿದೆ. ಸೊಸೆ ಅತ್ತೆಯ ಕಿವಿಗೆ ಹಿಡಿದಳು. ಆಣೆ ನೆನಪಿತ್ತು. "ಯಾಕೇ, ಕೆಲ್ಸ ತಪ್ಪಿಸ್ಕೊಳಾಕೆ ಬಿದ್ಕೊಂಡ್ಯಾ? ಮೂದೇವಿ! ಎದ್ದೇಳೇ!" ಅಂದೆ. ಆ ಕಡೆಯಿಂದ ಒಂದು ಸದ್ದು ಬಂತು. ನಗು ಅರ್ಧ ಬಾಯಲ್ಲಿ ಬಂದರೆ ಅಳುವಿನಂತೆಯೇ ಕೇಳುತ್ತದೆ. ಕಣ್ಣಲ್ಲೂ ನೀರು ಬಂದಿರಬೇಕು. ಸೊಸೆ ಏನೋ ಕೂಗಿದಳು, ಫೋನು ಕಟ್ಟಾಯಿತು.

ಆಮೇಲೆ ಅವಳ ಕೈಗೆ ಫೋನು ಸಿಗಲಿಲ್ಲ. ನಾನು ಮಾಡಿದಾಗೆಲ್ಲ ಸೊಸೆ ಮೆತ್ತಗೆ ಹಿಂದಿಯಲ್ಲಿ ಏನೋ ಹೇಳಿ ಇಡುತ್ತಿದ್ದಳು. ಮಗ ಒಮ್ಮೆ ಸಿಕ್ಕಿ, "ದೊಡ್ಡಮ್ಮಾ, ಅಮ್ಮ ಆರಾಮ್. ಮಾತು ಬೇಡ. ಡಾಕ್ಟರ್" ಅಂದ. ನನ್ನ ಮಗನ ಕೈಗೆ ಫೋನು ಕೊಟ್ಟೆ. ಅವನಿಗೆ ಬರುವುದು ಮಂಡಿಗೆ ಬರುವ ಲಾರಿ ಡ್ರೈವರುಗಳ ಹಿಂದಿ. ಲೋಡು, ಖಾಲಿ, ಜಲ್ದಿ. ಅದರಲ್ಲಿ ಇದನ್ನು ಹೇಳುವುದು ಹೇಗೆ?

ಪಕ್ಕದ ಮನೆಯ ಬೂಬು ಬಂದಳು. ಬೂಬು ಅಂತಲೇ ಬೀದಿಗೆಲ್ಲಾ ಅವಳು. ಹಾಸಿಗೆ ಹೊಲಿಯುತ್ತಾಳೆ, ನನ್ನ ವಯಸ್ಸಿನವಳು, ಮೈತುಂಬ ಹತ್ತಿ ಅಂಟಿಸಿಕೊಂಡೇ ಓಡಾಡುತ್ತಾಳೆ. ನಾವಿಬ್ಬರೂ ಈ ಬೀದಿಗೆ ಸೊಸೆಯರಾಗಿ ಬಂದಾಗಿನಿಂದ ಬಯ್ದಾಡಿಕೊಂಡೇ ಬಂದವರು. ಆದರೆ ಅವಳಿಗೊಂದು ಕೆಟ್ಟ ಚಾಳಿ. ಬಯ್ದ ತಕ್ಷಣ ಎರಡೂ ಕೆನ್ನೆ ಮುಟ್ಟಿಕೊಂಡು "ತೋಬಾ ತೋಬಾ" ಅನ್ನುತ್ತಾಳೆ, ತಪ್ಪಾಯಿತು ಅಂತ. ಉಪ್ಪು ಹಾಕಿ, ಹಾಕಿದ ಉಪ್ಪನ್ನೇ ತೊಳೆದುಬಿಟ್ಟ ಹಾಗೆ. ಎಷ್ಟು ಹೇಳಿದರೂ ಬಿಡಲಿಲ್ಲ.

"ಏನೇ, ಕೋತಿ ತೆಂಗಿನ್ಕಾಯಿ ಹಿಡ್ಕೊಂಡಂಗೆ ಫೋನ್ ಹಿಡ್ಕೊಂಡ್ ಕೂತಿದ್ದೀಯಾ? ತೋಬಾ ತೋಬಾ."

ಹೇಳಿದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಫೋನು ಕಸಿದುಕೊಂಡಳು. ಅವಳದು ನಮ್ಮ ಅರಸೀಕೆರೆ ಉರ್ದು, ಆ ಹುಡುಗಿಯದು ಅಲ್ಲಿಯ ಹಿಂದಿ. ಒಂದು ಮಾತಿಗೆ ಎರಡು ಸಲ ಕೇಳಿಕೊಂಡು ಹೇಗೋ ಮಾತಾಡಿದರು. ಬೂಬು ನಡುನಡುವೆ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು.

"ನೀನು ದುಶ್ಮನ್ ತರ ಕಿರುಚ್ತೀಯಂತೆ. ನಿನ್ ಫೋನ್ ಬಂದಾಗೆಲ್ಲ ಅವ್ಳು ಅಳ್ತಾಳಂತೆ. ಮೊದ್ಲಿಂದಾನೂ ಹಂಗೇ ಅಂತೆ, ಸಂಡೆ ಸಂಡೆ. ಡಾಕ್ಟರ್ ಹೇಳವ್ರೆ, ಮನಸ್ಸಿಗೆ ನೋವಾಗ್ಬಾರ್ದು ಅಂತ." ಆಮೇಲೆ ಫೋನಿಗೆ ಕೈ ಅಡ್ಡ ಹಿಡಿದು ನಕ್ಕಳು. "ಜಗಳ ಯಾವ್ದಕ್ಕೆ ಅಂತ ಕೇಳ್ತಾಳೆ. ನಿಮ್ ತೋಟದ ಪಾಲಿಗಾ ಅಂತ. ನಿಂಗೆ ತೋಟ ಬೇರೆ ಐತೇನೇ?"

"ಊರಲ್ಲಿ ನಾಕ್ ಮರ ಅವೆ. ಒಂದಕ್ಕೆ ಸಿಡ್ಲು ಹೊಡ್ದೈತೆ. ಅದೇ ಅವಳತ್ತೆ ಪಾಲು ಅನ್ನು."

ಬೂಬು ಅದನ್ನು ಹೇಳಲಿಲ್ಲ. ಬೇರೆ ಏನೋ ಬಹಳ ಹೊತ್ತು ಹೇಳಿದಳು. ಕೊನೆಗೆ, "ನಂಬಲ್ಲ ಕಣೇ ಅವ್ಳು. ನಂಗೆ ಬಯ್ಯಿ. ಜೋರಾಗಿ ಬಯ್ಯಿ, ಕೇಳ್ಲಿ" ಅಂದು ಫೋನನ್ನು ನಮ್ಮಿಬ್ಬರ ನಡುವೆ ಇಟ್ಟಳು.

ಬಯ್ದೆ. ಹಾಸಿಗೆ ಹೊಲಿದೂ ಹೊಲಿದೂ ನಿನ್ನ ತಲೆಯೊಳಗೂ ಹತ್ತಿ ತುಂಬಿದೆ ಎಂದು ಶುರು ಮಾಡಿದೆ. ಬೂಬು ಗಹಗಹಿಸಿ ನಕ್ಕಳು. ನಮ್ಮ ನಗು ನಿಂತ ಮೇಲೆ ಆ ಹುಡುಗಿ ಸಣ್ಣಗೆ ಏನೋ ಅಂದಳು. ಬೂಬುವಿನ ಮುಖ ಇಳಿಯಿತು.

"ಏನಂತೆ?"

"ನೀವಿಬ್ರೂ ಗಟ್ಟಿಯಾಗಿದ್ದೀರಿ, ನಗ್ತೀರಿ. ಇವ್ರು ಕಾಯಿಲೆಯವ್ರು. ಕಾಯಿಲೆಯವ್ರಿಗೆ ಯಾರಾದ್ರೂ ಬಯ್ತಾರಾ ಅಂತ ಕೇಳ್ತಾಳೆ."

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಅವಳು ಕೆಟ್ಟವಳೂ ಅಲ್ಲ. ನನ್ನ ತಂಗಿಯ ಮೈ ಒರೆಸಿ ಬಟ್ಟೆ ಬದಲಿಸುತ್ತಿದ್ದವಳು ಅವಳು, ನಾನಲ್ಲ. ಅತ್ತೆಗೆ ಸಮಾಧಾನವಾಗಲಿ ಅಂತ ಬೇಲೂರು ಗುಡಿಯ ಫೋಟೋ ದೊಡ್ಡದು ಮಾಡಿಸಿ ಹಾಸಿಗೆಯ ಎದುರಿಗೆ ಹಾಕಿದ್ದಳಂತೆ. ಅತ್ತೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಳ್ಳುತ್ತಾರೆ, ಯಾಕೋ ಗೊತ್ತಿಲ್ಲ, ಅಂದಳಂತೆ.

ಕೊನೆಗೆ ಒಪ್ಪಿಕೊಂಡಳು. ಫೋನು ಕೊಡುತ್ತೇನೆ, ಆದರೆ ಕಿರುಚಬಾರದು. ಪ್ರೀತಿಯಿಂದ ಮಾತಾಡಬೇಕು. ತಾನು ಪಕ್ಕದಲ್ಲೇ ಕೂತು ಕೇಳುತ್ತೇನೆ.

ಭಾನುವಾರ ಫೋನು ಬಂತು. ನಾನು ಗಂಟಲು ಸರಿ ಮಾಡಿಕೊಂಡೆ. "ಹೇಗಿದ್ದೀಯಮ್ಮಾ? ಊಟ ಆಯ್ತಾ? ಮಾತ್ರೆ ತಗೊಂಡ್ಯಾ ಕಂದಾ?" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ, ಆಸ್ಪತ್ರೆಯ ನರ್ಸಮ್ಮನ ದನಿ ಇದ್ದ ಹಾಗಿತ್ತು.

ಆಮೇಲೆ ತಂಗಿ, ತೊದಲಿದರೂ ತಿಳಿಯುವ ಹಾಗೆ, ಕೇಳಿದಳು. "ಯಾರ್ರೀ ನೀವು?"

"ನಾನು ಕಣಮ್ಮಾ, ನಿಮ್ಮಕ್ಕ."

ಮತ್ತೆ, "ಅಕ್ಕ ಎಲ್ಲಿ?"

ನಾನು ಏನು ಹೇಳಲಿ? ಬಯ್ದರೆ ಫೋನು ಹೋಗುತ್ತದೆ. ಬಯ್ಯದಿದ್ದರೆ ನಾನೇ ಹೋದ ಹಾಗೆ. "ಇಲ್ಲೇ ಇದ್ದೀನಮ್ಮಾ" ಅಂದೆ.

ಹಾಗೇ ಕೆಲವು ವಾರ ನಡೆಯಿತು. ನಾನು ನೈಸಾಗಿ ಮಾತಾಡುತ್ತಿದ್ದೆ. ಅವಳು ಉಸಿರಾಡುತ್ತಿದ್ದಳು. ಸೊಸೆ ಪಾಪ, ಎಲ್ಲಾ ಸರಿಹೋಯಿತು ಅಂದುಕೊಂಡು ನನಗೆ ಥ್ಯಾಂಕ್ಸ್ ಹೇಳುತ್ತಿದ್ದಳು. ಬೆಲ್ಲದ ಮಾತು ಕೇಳಿ ಅವ್ವ ಏನು ತಿಳಿದುಕೊಂಡಳೋ ಅದನ್ನೇ ತಂಗಿಯೂ ತಿಳಿದುಕೊಂಡಿರಬೇಕು. ಊಟ ಬಿಡುತ್ತಾ ಬಂದಳು. ಮೊದಲು ಚಪಾತಿ ಬಿಟ್ಟಳು, ಆಮೇಲೆ ಗಂಜಿ. ಚಮಚ ತಂದರೆ ಹಲ್ಲು ಕಚ್ಚಿಕೊಳ್ಳುತ್ತಾಳೆ ಎಂದು ಬೂಬುವಿನ ಮುಖಾಂತರ ತಿಳಿಯಿತು. ಮೂಗಿನಲ್ಲಿ ನಳಿಗೆ ಹಾಕಬೇಕಾಗುತ್ತದೆ ಅಂದರಂತೆ ಡಾಕ್ಟರು.

ಒಂದು ಭಾನುವಾರ ನಾನು ಹಾಗೇ ಫೋನು ಹಿಡಿದು ಕೂತಿದ್ದೆ. ಆ ಕಡೆ ಚಮಚ ಬಟ್ಟಲಿಗೆ ತಾಗುವ ಸದ್ದು. ಸೊಸೆ ಬೇಡಿಕೊಳ್ಳುತ್ತಿದ್ದಾಳೆ. ಹಿಂದಿ ಬರದಿದ್ದರೇನು, ಬೇಡಿಕೊಳ್ಳುವುದು ತಿಳಿಯುತ್ತದೆ. ಅವಳಿಗೂ ಅಳು ಬರುತ್ತಿತ್ತು. ಮತ್ತೆ ಚಮಚ, ಮತ್ತೆ ಬೇಡಿಕೆ. ನನಗೆ ಸಿಟ್ಟು ತಲೆಗೇರಿತು.

"ತಿನ್ನೇ ಮೂದೇವಿ!" ಅಂದೆ. ಬೀದಿಗೆ ಕೇಳಿಸುವ ಹಾಗೆ ಅಂದೆ. "ಬಾಯಿ ಬಿಡೇ! ಆ ಹುಡ್ಗಿ ಕೈ ಸೋತೋಯ್ತು, ನೀನೇನ್ ಮಹಾರಾಣಿ ಅಂದ್ಕೊಂಡಿದ್ದೀಯಾ? ನೀರುಗಾಯಿ! ನಮ್ಮವ್ವ ಇದ್ದಿದ್ರೆ ಸೌಟಿನಲ್ಲಿ ಬಡಿತಿದ್ಳು! ನುಂಗೇ!"

ಆ ಕಡೆ ಎಲ್ಲಾ ನಿಂತಿತು. ಫೋನು ಇನ್ನೇನು ಕಟ್ಟಾಗುತ್ತದೆ ಎಂದು ಕಾದೆ. ಕಟ್ಟಾಗಲಿಲ್ಲ. ಚಮಚದ ಸದ್ದು ಬಂತು. ಗುಟುಕು ಇಳಿಯುವ ಸದ್ದು ಬಂತು. ಆಮೇಲೆ ತಂಗಿಯ ದನಿ, ಚಿಕ್ಕಂದಿನಲ್ಲಿ ಬಯ್ಯಿಸಿಕೊಂಡು ಬಾಗಿಲ ಹಿಂದೆ ನಿಂತು ಕರೆಯುತ್ತಿದ್ದ ಹಾಗೆ. "ಅಕ್ಕಾ."

"ಅಕ್ಕ ಅಂತೆ ಅಕ್ಕ. ಮಾತಾಡ್ಬೇಡ. ಇನ್ನೊಂದು ಚಮ್ಚ."

ಬಟ್ಟಲು ಖಾಲಿಯಾಗುವವರೆಗೂ ಬಯ್ದೆ. ಬೂಬು ಬಾಗಿಲಲ್ಲಿ ಬಂದು ನಿಂತು ಹತ್ತಿ ಕೈಯಲ್ಲೇ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಆಮೇಲೆ ಫೋನಿನಲ್ಲಿ ಸೊಸೆ ಅವಳಿಗೆ ಹೇಳಿದ್ದು ಇಷ್ಟೇ ಅಂತೆ. ನಾಳೆಯೂ ಬಯ್ಯಲು ಹೇಳಿ.

ಅಲ್ಲಿಂದ ದಿನಾ ಫೋನು. ಊಟದ ಹೊತ್ತಿಗೆ ಸೊಸೆ ಕರೆ ಮಾಡಿ ಫೋನನ್ನು ತಟ್ಟೆಯ ಪಕ್ಕ ಇಡುತ್ತಿದ್ದಳು. ನಾನು ಇಲ್ಲಿ ಮಾಡುತ್ತಿದ್ದ ಕೆಲಸ ಬಿಟ್ಟು ಬಯ್ಯುತ್ತಿದ್ದೆ. ನನ್ನ ಸೊಸೆ ಮೊದಲು ಬೆಚ್ಚಿಬಿದ್ದಳು, ಆಮೇಲೆ ಅವಳೇ, "ಅತ್ತೆ, ಟೈಮಾಯ್ತು, ಬಯ್ಯೋಕೆ ಹೋಗಿ" ಎಂದು ಎಬ್ಬಿಸುತ್ತಿದ್ದಳು. ಚಳಿಗಾಲ ಪೂರ್ತಿ ತಂಗಿ ಉಂಡಳು. ಆ ಗುಡಿಯ ಫೋಟೋ ತೆಗೆಸಿಬಿಟ್ಟರು. ಒಂದು ದಿನ ಅವಳ ಸೊಸೆಯೇ ಕನ್ನಡದಲ್ಲಿ "ನೀರುಗಾಯಿ" ಅಂದದ್ದು ಕೇಳಿಸಿತು. ತಂಗಿ ನಕ್ಕದ್ದೂ ಕೇಳಿಸಿತು. ಆ ಹುಡುಗಿಗೆ ಅದರ ಅರ್ಥ ಗೊತ್ತಿರಲಿಕ್ಕಿಲ್ಲ. ಗೊತ್ತಿದ್ದವಳು ನಕ್ಕಳಲ್ಲ, ಸಾಕು.

ಗುಣವಾಗುತ್ತಾಳೆ ಅಂತ ನಾನು ಅಂದುಕೊಂಡಿರಲಿಲ್ಲ. ಲಕ್ವ ಹೊಡೆದವರನ್ನು ಕಂಡಿದ್ದೇನೆ. ಬಯ್ದು ಊಟ ಮಾಡಿಸಬಹುದು, ಬಯ್ದು ಎಬ್ಬಿಸಿ ನಡೆಸಲು ಆಗುವುದಿಲ್ಲ.

ಊಟದ ಹೊತ್ತಲ್ಲದ ಹೊತ್ತಿನಲ್ಲಿ ಒಂದು ದಿನ ಫೋನು ಬಂತು. ಸೊಸೆ. ಬರೀ "ಮೌಸೀ, ಮೌಸೀ" ಅಂದಳು, ದೊಡ್ಡಮ್ಮಾ ಅನ್ನುವುದಕ್ಕೆ ಅವರ ಮಾತು. ನಾನು ಬೂಬುವನ್ನು ಕರೆಯಲು ಹೋಗಲಿಲ್ಲ, ಬೇಕಾಗಿರಲಿಲ್ಲ. ಅವಳೇ ಬಂದಳು, ನನ್ನ ಮುಖ ನೋಡಿ ಫೋನು ತೆಗೆದುಕೊಂಡಳು. ಆ ಕಡೆಯ ಮಾತು ಕೇಳಿ, "ಮಲಗಿದ್ದಂಗೇ ಹೋಗವ್ಳೆ. ಈಗ ತಗೊಂಡ್ ಹೋಗ್ತಾರಂತೆ" ಅಂದಳು. ನಮ್ಮವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಅಲ್ಲಿ ಅದನ್ನು ಬಲ್ಲವರು ಯಾರೂ ಇರಲಿಲ್ಲ. ಸುಡುತ್ತಾರೆ ಅಂದರು. ಸುಡಲಿ ಅಂದೆ. ಅಷ್ಟು ದೂರದಿಂದ ಏನಂತ ತಡೆಯಲಿ.

"ಕಿವಿ ಹತ್ರ ಫೋನ್ ಇಡ್ತಾಳಂತೆ. ಏನಾದ್ರೂ ಹೇಳ್ಬೇಕಾದ್ರೆ ಹೇಳು ಅಂತಾಳೆ."

ಸತ್ತವರಿಗೆ ಬಯ್ಯಬಾರದು ಅನ್ನುತ್ತಾರೆ ನಮ್ಮಲ್ಲಿ. ಬದುಕಿದ್ದಾಗ ಕೊಚ್ಚಿ ಹಾಕುವ ಹಾಗೆ ಮಾತಾಡಿದವರೂ ಹೆಣದ ಮುಂದೆ ಬಂಗಾರ, ಮುತ್ತು ಅನ್ನಬೇಕು. ಬೂಬುವಿಗೂ ಅದು ಗೊತ್ತು, ಅವರಲ್ಲೂ ಹಾಗೇ ಇರಬೇಕು. ನನ್ನ ಕೈ ಹಿಡಿದುಕೊಂಡು, "ಒಳ್ಳೇ ಮಾತು ಹೇಳೇ" ಅಂದಳು.

ಆಣೆ ಮಾಡಿದ್ದೆ. ಬಯ್ದೆ. "ಮೂದೇವಿ, ನನ್ಗಿಂತ ಚಿಕ್ಕೋಳು ನೀನು. ಯಾರ್ ಹೇಳಿದ್ರು ನಿಂಗೆ ಮುಂಚೆ ಹೋಗು ಅಂತ? ಇನ್ನೂ ನೀರು ಬತ್ತಿರ್ಲಿಲ್ವಲ್ಲೇ. ಅಷ್ಟ್ರಲ್ಲಿ ಅಟ್ಟ ಇಳ್ದ್ಯಾ? ಹೇಳ್ದೆ ಕೇಳ್ದೆ ಇಳ್ದ್ಯಾ?" ಅಲ್ಲಿಂದ ಅವ್ವನ ಬೈಗುಳ ಒಂದೂ ಬಿಡದೆ ಬಯ್ದೆ. ಒಲೆಗೆ ಬಯ್ದದ್ದು, ಹಸುವಿಗೆ ಬಯ್ದದ್ದು, ಕಾಗೆಗೆ ಬಯ್ದದ್ದು. ಸಂತೆಯ ಎತ್ತು, ಸೀದ ಪಾತ್ರೆ. ಎಲ್ಲೂ ನಗು ಬರಲಿಲ್ಲ. ನಗುವಿಗೆ ಜಾಗ ಬಿಟ್ಟು ಬಿಟ್ಟು ಬಯ್ಯುವುದು ನನಗೆ ರೂಢಿ. ಆ ಜಾಗಗಳೆಲ್ಲಾ ಖಾಲಿ ಉಳಿದವು. ಫೋನಿನ ಆ ಕಡೆ ಜನ ಏನೇನೋ ಮಂತ್ರ ಹೇಳುತ್ತಿದ್ದರು, ನನ್ನ ಕಿವಿಗೆ ಅದೂ ಬೀಳುತ್ತಿತ್ತು. ಯಾವಾಗ ಫೋನು ನಿಂತಿತೋ ಗೊತ್ತಿಲ್ಲ. ಬೂಬು ನನ್ನ ಬಾಯಿಯ ಮೇಲೆ ಕೈ ಇಟ್ಟು, "ಸಾಕು, ತಗೊಂಡ್ ಹೋದ್ರು" ಅಂದಳು.

ಅದಾದ ಮೇಲೆ ಬಂದ ಭಾನುವಾರ ಮಧ್ಯಾಹ್ನ ನಾನು ಫೋನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದೆ. ಬರುತ್ತದೆ ಅಂತಲ್ಲ. ಆ ಹೊತ್ತಿಗೆ ಬೇರೆ ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. ನನ್ನ ಸೊಸೆ ಮುದ್ದೆ ತಂದಿಟ್ಟು ಹೋಗಿದ್ದಳು, ಆರಿ ಕಲ್ಲಾಗಿತ್ತು. ಅವ್ವನ ಬೈಗುಳ ಬಲ್ಲವಳು ಈಗ ನಾನೊಬ್ಬಳೇ. ಕೇಳಿ ನಗುವವರಿಲ್ಲದಿದ್ದರೆ ಅದು ಬೈಗುಳವೂ ಅಲ್ಲ, ಬರೀ ಕೆಟ್ಟ ಮಾತು. ಹೀಗೆ ಏನೇನೋ ಯೋಚನೆ.

ಬೂಬು ಬಾಗಿಲಲ್ಲಿ ನಿಂತು ತಟ್ಟೆ ನೋಡಿದಳು.

"ಏನೇ ಮುದಿ ಗೂಬೆ, ಮುದ್ದೆನ ಪೂಜೆ ಮಾಡಾಕ್ ಇಟ್ಕೊಂಡಿದ್ದೀಯಾ? ತಿನ್ನೇ. ತಿನ್ನದೆ ಸತ್ರೆ ನಿನ್ ಹೆಣ ಹೊರಾಕೆ ನಮ್ ಓಣೀಲಿ ಗಟ್ಟಿ ಗಂಡಸ್ರಿಲ್ಲ."

ನಾನು ಕಾದೆ. ಅವಳು ಕೆನ್ನೆ ಮುಟ್ಟಿಕೊಳ್ಳಲಿಲ್ಲ, ತೋಬಾ ಅನ್ನಲಿಲ್ಲ. ಒಳಗೆ ಬಂದು ತಟ್ಟೆಯನ್ನು ನನ್ನ ಮುಂದಕ್ಕೆ ನೂಕಿ ಎದುರಿಗೆ ಕೂತಳು.

ಮುದ್ದೆ ಮುರಿದೆ. ಸಾರಿಗೆ ಉಪ್ಪು ಸಾಲದಾಗಿತ್ತು. ಸುಮ್ಮನೆ ಉಂಡೆ.